ಮೊದಲ ಬಿಲ್ಲು ಹಗುರ ಇರಲಿ

(ಉಡುಪಿಯಲ್ಲಿ ಮಕ್ಕಳ ಬೇಸಿಗೆ ಬಿಲ್ಲುಗಾರಿಕೆ ಶಿಬಿರದ ಕೊನೆಯ ದಿನ ಹೆತ್ತವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ವೇದಿಕೆಯಲ್ಲಿರುವವರ ಹೆಸರು ಸ್ವಾಗತದಲ್ಲಿ ಒಮ್ಮೆ, ಪ್ರಸ್ತಾವನೆಯಲ್ಲಿ ಒಮ್ಮೆ ಬಂದಾಗಿದೆ. ನಾನೂ ಹೇಳಲು ಹೊರಟರೆ ನನ್ನ ಸಮಯ ಅದರಲ್ಲೇ ಮುಗಿಯುತ್ತದೆ. ನೇರ ವಿಷಯಕ್ಕೆ ಬರುತ್ತೇನೆ.

ಶಿಬಿರ ಇವತ್ತಿಗೆ ಮುಗಿಯಿತು. ನಾಳೆಯಿಂದ ನಿಮ್ಮ ಮನೆಯಲ್ಲಿ ಒಂದೇ ರಾಗ, "ನನಗೆ ಸ್ವಂತ ಬಿಲ್ಲು ಬೇಕು". ಕೆಲವರು ಆಗಲೇ ಮೊಬೈಲ್ ಹಿಡಿದು ಬಂದು, "ಸರ್, ಇದು ಆಗ್ತದಾ?" ಅಂತ ಕೇಳಿದ್ದೀರಿ. ಫೋಟೋ ನೋಡಿ ಬಣ್ಣ ಚೆನ್ನಾಗಿದೆ ಅನ್ನಬಹುದು, ಅಷ್ಟೇ. ನಾನು ಮೊದಲು ನೋಡುವುದು ಒಂದು ಅಂಕೆ, ಪೌಂಡ್. ಅದು ಎಲ್ಲೋ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಬಿಲ್ಲನ್ನು ಪೂರ್ತಿ ಎಳೆದು ಹಿಡಿಯಲು ಎಷ್ಟು ಬಲ ಬೇಕು ಅನ್ನುವುದೇ ಈ ಪೌಂಡ್ ಲೆಕ್ಕ. ಮೊದಲ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು, ಹಗುರ ಇರಲಿ, ಪೌಂಡ್ ಕಡಿಮೆ ಇರಲಿ ಅನ್ನುವುದು ನನ್ನ ವಾದ. ಹತ್ತು ಹನ್ನೆರಡು ವರ್ಷದವರಿಗೆ 12ರಿಂದ 16 ಪೌಂಡ್ ಸಾಕು. ಹೈಸ್ಕೂಲಿನವರಿಗೆ 16ರಿಂದ 20. ದೊಡ್ಡವರಿಗೆ 20ರಿಂದ 24. ಜಿಮ್ಮಿಗೆ ಹೋಗುವ ದೊಡ್ಡವರಿಗೂ ಅಷ್ಟೇ. ಭುಜದ ಹಿಂದೆ, ಬೆನ್ನಿನಲ್ಲಿ ಎಳೆಯುವ ಸ್ನಾಯುಗಳು ದಿನನಿತ್ಯದ ಕೆಲಸದಲ್ಲಿ ಹೀಗೆ ಪಳಗಿರುವುದಿಲ್ಲ. ಅಷ್ಟು ಕಡಿಮೆಯಾ ಅನ್ನುವವರು ಒಂದು ಗುಣಾಕಾರ ಮಾಡಿ. ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ 72 ಬಾಣ ಬಿಡಬೇಕು. 20 ಪೌಂಡ್ ಅಂದರೆ ಸುಮಾರು 9 ಕಿಲೋ. 72 ಸಲ ಎಳೆದರೆ 650 ಕಿಲೋ ಎಳೆದ ಲೆಕ್ಕ. ಅದೂ ಮೂರು ಬೆರಳಿನಲ್ಲಿ.

ಮೂರು ಬೆರಳು ಅಂದೆ ಅಲ್ವಾ, ಈ ಪದ್ಧತಿಯಲ್ಲಿ ಹೆದೆ ಎಳೆಯುವಾಗ ಹೆಬ್ಬೆರಳಿಗೆ ಕೆಲಸವೇ ಇಲ್ಲ. ದ್ರೋಣಾಚಾರ್ಯರು ನಮ್ಮ ಶಿಬಿರಕ್ಕೆ ಬಂದಿದ್ದರೆ ಏಕಲವ್ಯ ಕೇಳಿದ್ದನ್ನು ಕೊಟ್ಟು, ಮರುದಿನ ಪ್ರಾಕ್ಟೀಸಿಗೆ ಹಾಜರಾಗುತ್ತಿದ್ದ.

ಈಗ ಒಂದು ಕಥೆ. ಶಿಬಿರದ ಮಕ್ಕಳಿಗೆ ಇದು ಬಾಯಿಪಾಠ ಆಗಿದೆ, ಮಕ್ಕಳೇ, ಮುಂಚೆಯೇ ನಗಬೇಡಿ. ಮಲ್ಪೆ ಕಡೆಯ ಒಬ್ಬ ಹುಡುಗ, ಎಂಟನೇ ಕ್ಲಾಸು, ಕಡ್ಡಿ ಹಾಗೆ ಸಪೂರ. ದುಬೈಯಲ್ಲಿರುವ ಮಾವ ರಜೆಗೆ ಬರುವಾಗ ಚಾಕಲೇಟು, ಸೆಂಟು, ಟಾರ್ಚಿನ ಜೊತೆ ಒಂದು ಬಿಲ್ಲನ್ನೂ ತಂದರು. ಕಪ್ಪು ಬಣ್ಣ, ಚಂದದ ಚೀಲ, ಬಿಲ್ಲು ಒಳ್ಳೆಯದೇ. ಲಿಂಬಿನ, ಅಂದರೆ ಎಳೆದಾಗ ಬಾಗುವ ತೋಳಿನ, ಒಳಬದಿಯಲ್ಲಿ 38 ಪೌಂಡ್ ಅಂತ ಬರೆದಿತ್ತು. ಹದಿನೇಳು ಕಿಲೋ! "ಇದು ಇವನಿಗೆ ಆಗುವುದಿಲ್ಲ" ಅಂದೆ. ಮಾವ ನಕ್ಕರು. "ಬೆಳೆಯುವ ಹುಡುಗ ಅಲ್ವಾ ಸರ್, ಎರಡು ವರ್ಷದಲ್ಲಿ ಸರಿಯಾಗ್ತದೆ." ಶಾಲೆಯ ಶೂ ಒಂದು ಸೈಜ್ ದೊಡ್ಡದು ತೆಗೆದುಕೊಂಡು ತುದಿಗೆ ಹತ್ತಿ ತುರುಕುತ್ತೇವೆ ನೋಡಿ, ಅದೇ ಲೆಕ್ಕ. ಶೂವಿಗೆ ಹತ್ತಿ ಇಡಬಹುದು, ಬಿಲ್ಲಿಗೆ ಎಂತ ಇಡುವುದು?

ಹುಡುಗ ಎಳೆದ. ಬಿಲ್ಲು ಹಿಡಿದ ಕೈಯ ಭುಜ ಕಿವಿಯ ಹತ್ತಿರ ಏರಿತು. ಸೊಂಟ ಮುಂದೆ ಹೋಯಿತು, ಬೆನ್ನು ಹಿಂದೆ ವಾಲಿತು. ಎಳೆಯುವ ಮೊಣಕೈ ಗಡಗಡ. ಹೆದೆ ಗದ್ದಕ್ಕೆ ಬಂದು ತಾಗಬೇಕು, ಅದು ಒಂದು ಗೇಣು ಮುಂದೆಯೇ ನಿಂತುಬಿಟ್ಟಿತು. ಹುಡುಗ ಜಾಣ. ಹೆದೆ ಗದ್ದಕ್ಕೆ ಬರದಿದ್ದರೆ ಗದ್ದವೇ ಹೆದೆಗೆ ಹೋಗಲಿ ಅಂತ ಕುತ್ತಿಗೆ ಚಾಚಿದ. ಬಿಟ್ಟಾಗ ಹೆದೆ ಮುಂಗೈಯನ್ನು ಒರೆಸಿಕೊಂಡೇ ಹೋಯಿತು. ಅಲ್ಲಿ ಕೆಂಪಗೆ ಬರೆ ಎದ್ದಿತು.

ಮಾವನಿಗೆ ತಡೆಯಲಿಲ್ಲ. "ಕೊಡು ಇಲ್ಲಿ, ನಾನು ತೋರಿಸ್ತೇನೆ" ಅಂದರು. ಬಾಣ ಇಡದೆ ಪೂರ್ತಿ ಎಳೆದರು. ನಾನು "ಬಿಡಬೇಡಿ, ಬಿಡಬೇಡಿ" ಅನ್ನುವಷ್ಟರಲ್ಲಿ ಬಿಟ್ಟೇಬಿಟ್ಟರು. ಟಪ್ ಅಂತ ಒಂದು ಶಬ್ದ. ಮೇಲಿನ ಲಿಂಬಿನಲ್ಲಿ ಉದ್ದಕ್ಕೆ ಬಿರುಕು. ಎಳೆದಾಗ ಲಿಂಬಿನಲ್ಲಿ ತುಂಬಿದ ಶಕ್ತಿ ಬಾಣದ ಜೊತೆ ಹೊರಗೆ ಹೋಗಬೇಕು. ಬಾಣವೇ ಇಲ್ಲದಿದ್ದರೆ ಅದು ತಿರುಗಿ ಬಿಲ್ಲಿಗೇ ಬಡಿಯುತ್ತದೆ. ಮಾವ ಒಮ್ಮೆ ಬಿಲ್ಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಡೂಪ್ಲಿಕೇಟ್ ಮಾರಾಯ್ರೆ, ಮೋಸ ಮಾಡಿದ್ದಾರೆ" ಅಂದರು.

ಕಥೆ ಇನ್ನೂ ಉಂಟು. ಹುಡುಗನಿಗೆ 16 ಪೌಂಡಿನ ಶಿಬಿರದ ಬಿಲ್ಲು ಕೊಟ್ಟೆವು. ಅದಕ್ಕೂ ಮೊದಲು ಕಣ್ಣು ಪರೀಕ್ಷೆ ಮಾಡಿದೆವು. ಎರಡೂ ಕೈ ಮುಂದೆ ಚಾಚಿ, ಅಂಗೈ ಜೋಡಿಸಿ ನಡುವೆ ಸಣ್ಣ ತೂತು ಬಿಡಿ. ಎರಡೂ ಕಣ್ಣು ತೆರೆದು ಆ ತೂತಿನಲ್ಲಿ ಅಗೋ ಆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಹಾಗೇ ಕಾಣುತ್ತದೋ ಅದೇ ನಿಮ್ಮ ಗುರಿಯ ಕಣ್ಣು. ಈ ಹುಡುಗನದ್ದು ಎಡಗಣ್ಣು, ಅಂಥವರು ಎಡಗೈಯಲ್ಲಿ ಎಳೆಯಬೇಕು. ಮಾವ ತಂದದ್ದು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಎಳೆಯುವ ಬಿಲ್ಲು. ಪೌಂಡ್ ಸರಿಯಿದ್ದರೂ ಅದು ಅವನಿಗೆ ಹೊಂದುತ್ತಿರಲಿಲ್ಲ. ಬರೆಯುವ ಕೈ ನೋಡಿ ಬಿಲ್ಲು ತರಬೇಡಿ ಅಂತ ಅದಕ್ಕೇ ಹೇಳುವುದು.

"ಹಗುರ ಬಿಲ್ಲಿನ ಬಾಣ ದೂರ ಹೋಗುವುದಿಲ್ಲ" ಅಂತ ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಸರಿ, ಹೋಗುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಟಾರ್ಗೆಟ್ 70 ಮೀಟರ್ ದೂರ. ಅದರ ಅಗಲ 122 ಸೆಂಟಿಮೀಟರ್, ನಡುವಿನ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್. ನಿಮ್ಮ ಮಗು ಈಗ ಹೊಡೆಯುವುದು 10 ಮೀಟರಿನಿಂದ. ಅಲ್ಲಿ ಐದು ಬಾಣ ಒಂದೇ ಕಡೆ ಗುಂಪಾಗಲಿ, ಆಮೇಲೆ ದೂರದ ಮಾತು. ವಿಶ್ವದ ನಂಬರ್ ಒನ್ ಆಗಿದ್ದ ರಾಂಚಿಯ ದೀಪಿಕಾ ಕುಮಾರಿ ಶುರು ಮಾಡಿದ್ದು ಬಿದಿರಿನ ಬಿಲ್ಲಿನಲ್ಲಿ. ನಮ್ಮ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲಿಗೇ ಇಂಡಿಯನ್ ರೌಂಡ್ ಅಂತ ಬೇರೆ ವಿಭಾಗ ಇದೆ. ಇನ್ನು, ಸೀತಾ ಸ್ವಯಂವರದಲ್ಲಿ ರಾವಣನ ಗತಿ ಏನಾಯಿತು ಅಂತ ಯಕ್ಷಗಾನದ ಊರಿನವರಿಗೆ ನಾನು ಹೇಳಬೇಕಾ? ತನ್ನ ಪೌಂಡ್ ಗೊತ್ತಿಲ್ಲದೆ ಕೈ ಹಾಕಿದ!

ಈಗ ಅಳತೆ. ಎರಡೂ ಕೈ ಅಗಲಿಸಿ ಬೆರಳ ತುದಿಯಿಂದ ತುದಿಗೆ ಇಂಚಿನಲ್ಲಿ ಅಳೆಯಿರಿ, 2.5ರಿಂದ ಭಾಗಿಸಿ. 63 ಇಂಚು ಇದ್ದರೆ ಎಳೆತ, ಅಂದರೆ ಪೂರ್ತಿ ಎಳೆದಾಗ ಹಿಡಿಯಿಂದ ಹೆದೆಯವರೆಗಿನ ಉದ್ದ, ಸುಮಾರು 25 ಇಂಚು. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚಿನ ಲೆಕ್ಕ. ಒಂದು ಇಂಚು ಕಡಿಮೆ ಎಳೆದರೆ ಹೆಚ್ಚುಕಡಿಮೆ 2 ಪೌಂಡ್ ಇಳಿಯುತ್ತದೆ. ಹಾಗಾಗಿ 20 ಅಂತ ಬರೆದದ್ದು ಈ ಮಗುವಿನ ಕೈಯಲ್ಲಿ 15ರ ಆಸುಪಾಸು. ಬಿಲ್ಲಿನ ಉದ್ದವೂ ಎಳೆತಕ್ಕೆ ತಕ್ಕ ಹಾಗೆ. 25 ಇಂಚಿಗೆ 64 ಅಥವಾ 66 ಇಂಚಿನ ಬಿಲ್ಲು, 27–28ಕ್ಕೆ 68, ಅದಕ್ಕೂ ಜಾಸ್ತಿ ಆದರೆ 70. ಉದ್ದ ಕೈಯವರು ಗಿಡ್ಡ ಬಿಲ್ಲು ಎಳೆದರೆ ಹೆದೆ ಬೆರಳನ್ನು ಚಿವುಟುತ್ತದೆ.

ಚೀಟಿ ಬಂತು. "ಐದು ನಿಮಿಷ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಆಗಲಿ.

ಬಿಚ್ಚಿ ಜೋಡಿಸುವ ಬಿಲ್ಲನ್ನೇ ತೆಗೆದುಕೊಳ್ಳಿ. ನಡುವಿನ ಹಿಡಿಯ ಭಾಗ ರೈಸರ್, ಮೇಲೆ ಕೆಳಗೆ ಲಿಂಬು. ದುಡ್ಡು ಹಾಕುವುದಿದ್ದರೆ ರೈಸರಿಗೆ ಹಾಕಿ. ಐಎಲ್‌ಎಫ್ ಅನ್ನುವ ಸಾಮಾನ್ಯ ಅಳತೆಯ ಜೋಡಣೆ ಇದ್ದರೆ ಬೇರೆ ಕಂಪನಿಯ ಲಿಂಬೂ ಕೂರುತ್ತದೆ. ಮಗು ಗಟ್ಟಿಯಾದ ಹಾಗೆ ಎರಡೆರಡು ಪೌಂಡ್ ಏರಿಸಿ ಲಿಂಬು ಮಾತ್ರ ಬದಲಿಸಿ. ಸೀನಿಯರ್‌ಗಳು ಬಿಟ್ಟ ಹಳೆ ಲಿಂಬು ಕೇಳಿ ನೋಡಿ, ಬಿರುಕು, ತಿರುಚು ಇಲ್ಲದಿದ್ದರೆ ಸಾಕು. ಗುರಿ ನೋಡುವ ಸೈಟ್, ಬಿಲ್ಲು ಅಲುಗದಂತೆ ಮಾಡುವ ಸ್ಟೆಬಿಲೈಸರ್ ಈಗಲೇ ಬೇಡ. ಮುಂಗೈ ಕಾಯುವ ಆರ್ಮ್ ಗಾರ್ಡ್, ಬೆರಳು ಕಾಯುವ ಫಿಂಗರ್ ಟ್ಯಾಬ್, ಹೆದೆ ಏರಿಸುವ ಸ್ಟ್ರಿಂಗರ್, ಈ ಮೂರು ಬೇಕೇ ಬೇಕು.

ಬಾಣ ಎಳೆತಕ್ಕಿಂತ ಒಂದೆರಡು ಇಂಚು ಉದ್ದ ಇರಲಿ. ಗಿಡ್ಡ ಬಾಣ ಅದು ಕೂರುವ ರೆಸ್ಟಿನಿಂದ ಹಿಂದೆ ಜಾರಿ ಕೈಗೇ ಚುಚ್ಚೀತು. ಹಗುರ ಬಿಲ್ಲಿಗೆ ಬಾಗುವ ಬಾಣ ಬೇಕು, ಬಾಣ ಎಷ್ಟು ಬಾಗುತ್ತದೆ ಅಂತ ತೋರಿಸುವ ಸ್ಪೈನ್ ಅಂಕೆ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಈ ಲೆಕ್ಕವನ್ನು ಕೋಚ್‌ಗೆ ಬಿಡಿ.

ನಮ್ಮ ಕರಾವಳಿಗೆ ಮಾತ್ರ ಒಂದು ಮಾತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಲ್ಲು ಬಿಡಬೇಡಿ, ಲಿಂಬಿನ ಪದರಗಳ ಅಂಟು ಬಿಡುತ್ತದೆ. ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ. ಆಟಿಯ ಮಳೆಯಲ್ಲಿ ಮೈದಾನ ಸಿಗುವುದಿಲ್ಲ, ಆಗ ಹೆದೆ ಇಳಿಸಿ ಒಣ ಜಾಗದಲ್ಲಿ ಇಡಿ.

ಅಧ್ಯಕ್ಷರು ಎದ್ದೇ ನಿಂತರು. ಹೊರಗೆ ಜಗಲಿಯಲ್ಲಿ 14, 18, 22 ಪೌಂಡಿನ ಬಿಲ್ಲು ಇಟ್ಟಿದ್ದೇವೆ, ಅಳತೆಯ ಟೇಪೂ ಉಂಟು. ಊಟದ ಸಾಲಿಗೆ ನಿಲ್ಲುವ ಮೊದಲು ಮಗುವನ್ನು ಕರೆದುಕೊಂಡು ಬನ್ನಿ. ನೆಟ್ಟಗೆ ನಿಂತು ಎಳೆದು, ನಡುಗದೆ ಹತ್ತು ಎಣಿಸುವ ತನಕ ಹಿಡಿದರೆ ಆ ಪೌಂಡ್ ಬರೆದುಕೊಳ್ಳಿ. ಬಾಣ ಕೊಡುವುದಿಲ್ಲ, ಹಾಗಾಗಿ ಯಾರೂ ಹೆದೆ ಬಿಡಬಾರದು, ನಿಧಾನಕ್ಕೆ ವಾಪಸ್ ತರಬೇಕು. ಇದು ಮಾವಂದಿರಿಗೂ ಅನ್ವಯ.