ಯಾರೂ ಇಲ್ಲದ ಕುದ್ರುವಿನಲ್ಲಿ ಒಂದು ಹೆಂಚಿನ ತುಂಡು

ಕೇರಳದ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಮಂಗಳೂರು ಬಂತು ಅಂತ ಗೊತ್ತಾಗುವುದು ನೇತ್ರಾವತಿ ಸೇತುವೆಯ ಮೇಲೆ. ರೈಲಿನ ಸದ್ದು ಬದಲಾಗುತ್ತದೆ, ಎಲ್ಲರೂ ಬ್ಯಾಗ್ ಇಳಿಸಲಿಕ್ಕೆ ಶುರು ಮಾಡುತ್ತಾರೆ. ಆಗ ಕಿಟಕಿಯಿಂದ ಹೊರಗೆ ನೋಡಿ. ನದಿಯ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ತುಂಡು. ನಮ್ಮ ಕಡೆ ಅದಕ್ಕೆ ಕುದ್ರು ಅಂತಾರೆ.

ಕೆಲವು ಕುದ್ರುಗಳಲ್ಲಿ ಮನೆ, ತೋಟ ಎಲ್ಲ ಉಂಟು. ನಾನು ಹೊರಟದ್ದು ಯಾರೂ ಇಲ್ಲದ ಒಂದು ಸಣ್ಣ ಕುದ್ರುವಿಗೆ. ಹೆಸರೇನು ಅಂತ ದೋಣಿಯ ಅಣ್ಣನ ಹತ್ರ ಕೇಳಿದೆ. "ಇದಕ್ಕೆಂತ ಹೆಸರು ಮಾರಾಯ್ರೆ, ಕುದ್ರು ಅಷ್ಟೆ" ಅಂದರು.

ಇಳಿದ ಕೂಡಲೇ ಮೊಣಕಾಲಿನ ತನಕ ಕೆಸರು. ಒಂದು ಚಪ್ಪಲಿ ಅಲ್ಲೇ ಹೋಯಿತು. ಆ ಭಾಗ ವಿಡಿಯೋದಿಂದ ತೆಗೆದಿದ್ದೇನೆ. ನನ್ನ ಬಾಯಿಂದ ಬಂದ ಮಾತು ಮನೆಯವರು ಕೇಳುವಂಥದ್ದಲ್ಲ.

ಈ ಜಾಗಕ್ಕೆ ರಾಜರ ಕಥೆ ಇಲ್ಲ, ಕೋಟೆ ಇಲ್ಲ. ಇದರ ಚರಿತ್ರೆ ಪೂರ್ತಿ ಮಣ್ಣಿನದ್ದು. ಘಟ್ಟದಲ್ಲಿ ಮಳೆ ಹೊಡೆದರೆ ನೇತ್ರಾವತಿ ಕೆಂಪಾಗುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೂ ಬಂದು ಸೇರುತ್ತದೆ. ಅಳಿವೆ ಹತ್ತಿರವಾದ ಹಾಗೆ ನದಿ ಅಗಲ ಆಗುತ್ತದೆ, ಎದುರಿನಿಂದ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಬರುತ್ತದೆ. ಓಟ ಕಡಿಮೆಯಾದ ಹೊಳೆ ಹೊತ್ತು ತಂದದ್ದನ್ನು ಇಲ್ಲೇ ಇಳಿಸುತ್ತದೆ. ಅಡಿಯಲ್ಲಿ ಹೊಯ್ಗೆ, ಅಂದರೆ ಮರಳು, ಮೇಲೆ ಕಪ್ಪು ಕೆಸರು. ಅದರಲ್ಲಿ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಬೇರು ಬಿಟ್ಟಿತು ಅಂದರೆ ಕುದ್ರು ನಿಂತ ಹಾಗೆಯೇ. ನಿಂತದ್ದು ಹೋಗಲಿಕ್ಕೂ ತಡ ಇಲ್ಲ. 1923ರ ದೊಡ್ಡ ನೆರೆಗೆ ತುಳುವಿನಲ್ಲಿ 'ಮಾರಿ ಬೊಳ್ಳ' ಅಂತಲೇ ಹೆಸರು. 1974ರಲ್ಲಿ ಮತ್ತೊಂದು ಬಂತು. ಅಂಥ ನೆರೆಯಲ್ಲಿ ಒಂದು ಕಡೆ ಕೊಚ್ಚಿ ಹೋದ ಮಣ್ಣು ಇನ್ನೊಂದು ಕಡೆ ದಿಬ್ಬ ಆಗುತ್ತದೆ.

ನಡುವೆ ಮೂರು ತೆಂಗಿನ ಮರ ಕಂಡಿತು. ತೇಲಿ ಬಂದ ಕಾಯಿ ಮೊಳೆತಿರಬಹುದು ಅಂದುಕೊಂಡೆ. ಆದರೆ ಮೂರೂ ಒಂದೇ ಸಾಲಿನಲ್ಲಿವೆ. ಹೊಳೆ ಸಾಲು ಹಿಡಿದು ನೆಡುವುದಿಲ್ಲ, ಅಲ್ವಾ? ಯಾರೋ ಒಬ್ಬರು ಇಲ್ಲಿ ಬಂದು ಗುಂಡಿ ತೋಡಿದ್ದಾರೆ.

ಆಮೇಲೆ ಮರುವಾಯಿ ಚಿಪ್ಪುಗಳ ನಡುವೆ ಇದು ಸಿಕ್ಕಿತು. ಸ್ವಲ್ಪ ಹತ್ತಿರದಿಂದ ತೋರಿಸ್ತೇನೆ ನೋಡಿ. ಹೆಂಚಿನ ತುಂಡು, ಅಂಗೈಯಷ್ಟು. ಅಂಚೆಲ್ಲ ಸವೆದು ಸಾಬೂನಿನ ಹಾಗೆ ನುಣ್ಣಗಾಗಿದೆ. ಹಿಂದೆ ಇಂಗ್ಲಿಷ್ ಅಚ್ಚು. 'ಮಿಷನ್' ಪದದ ಕೊನೆಯ ನಾಲ್ಕು ಅಕ್ಷರ ಮಾತ್ರ ಉಳಿದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಅದನ್ನು ವಶ ಮಾಡಿಕೊಂಡರು, ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಹಾಗಾದರೆ ಮಿಷನ್ ಅಚ್ಚಿನ ಈ ತುಂಡಿಗೆ ನೂರು ವರ್ಷ ಕಳೆದಿರಬೇಕು. ತಮಾಷೆ ಎಂತ ಅಂದ್ರೆ, ಹೆಂಚಿಗೆ ಜೇಡಿಮಣ್ಣು ತೆಗೆಯುತ್ತಿದ್ದದ್ದು ಈ ನೇತ್ರಾವತಿ, ಗುರುಪುರ ಹೊಳೆಗಳ ದಡದಿಂದಲೇ.

ಕುದ್ರುವಿನ ಪಡುಬದಿ ನೋಡಿ ಮಾತ್ರ ಬೇಜಾರಾಯಿತು. ದಡ ಚಾಕುವಿನಲ್ಲಿ ಕೊಯ್ದ ಹಾಗೆ ನೆಟ್ಟಗೆ ಕುಸಿದಿದೆ, ಕಾಂಡ್ಲಾ ಬೇರುಗಳು ಗಾಳಿಯಲ್ಲಿ ನೇತಾಡುತ್ತಿವೆ. ನೆರೆಯಾ ಅಂತ ಕೇಳಿದೆ. ಅಣ್ಣ ತಲೆ ಅಲ್ಲಾಡಿಸಿದರು. "ಅಡಿಯಿಂದ ಹೊಯ್ಗೆ ತೆಗೆದ್ರೆ ಮೇಲಿನದ್ದು ನಿಲ್ತದಾ?" ಹೊಳೆಯ ಮೇಲ್ಭಾಗದಲ್ಲಿ ಪಾವೂರು ಉಳಿಯ ಅಂತ ಇನ್ನೊಂದು ಕುದ್ರುವಿನಲ್ಲಿ ಜನ ವಾಸ ಇದ್ದಾರೆ, ಅಲ್ಲಿಯವರು ಇದೇ ದೂರನ್ನು ಎಷ್ಟೋ ಸಲ ಹೇಳಿದ್ದಾರೆ. ಇಲ್ಲಿ ದೂರು ಕೊಡಲಿಕ್ಕೆ ನೀರುಕಾಗೆ ಬಿಟ್ಟರೆ ಯಾರೂ ಇಲ್ಲ.

ಅಷ್ಟರಲ್ಲಿ ಅಣ್ಣ ಕೂಗಿದರು. ನೀರು ಇಳಿಯುತ್ತಾ ಉಂಟು, ಇನ್ನು ತಡವಾದರೆ ದೋಣಿ ಕೆಸರಿಗೆ ಕೂರುತ್ತದೆ. ಒಂದೇ ಚಪ್ಪಲಿಯಲ್ಲಿ ಓಡಿದೆ.

ಹೆಂಚಿನ ತುಂಡು ಈಗ ಸ್ಕೂಟರಿನ ಡಿಕ್ಕಿಯಲ್ಲಿ ಉಂಟು. ಕೆಸರು ತೊಳೆಯದೆ ಒಳಗೆ ತರಬೇಡ ಅಂತ ಅಮ್ಮ ಹೇಳಿದ್ದಾರೆ.