ಹೆಲ್ಮೆಟ್ ಒಳಗಿನ ಥರ್ಮಾಕೋಲ್ ಮಾಡುವ ಕೆಲಸ

[ದೃಶ್ಯ: ನಿಂತ ಬೈಕ್. ಸವಾರನ ಒಂದು ಕಾಲು ನೆಲದ ಮೇಲೆ.]

ಬೈಕ್ ನಿಂತಿದೆ. ಸ್ಪೀಡ್ ಸೊನ್ನೆ. ಊರಿದ ಕಾಲು ಮರಳಿನ ಮೇಲೆ ಜಾರಿತು, ಸವಾರ ಪಕ್ಕಕ್ಕೆ ಬಿದ್ದ. ತಲೆ ನೆಲಕ್ಕೆ ಬಡಿಯುವಾಗ ಅದರ ವೇಗ ಎಷ್ಟಿರುತ್ತದೆ ಗೊತ್ತಾ? ಒಂದೂವರೆ ಮೀಟರ್ ಎತ್ತರದಿಂದ ಏನೇ ಬಿದ್ದರೂ, ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿರುತ್ತದೆ. ಬೈಕ್ ಓಡುತ್ತಲೇ ಇಲ್ಲ, ನೆನಪಿರಲಿ.

"ಇಲ್ಲೇ ಹೋಗಿ ಬರ್ತೀನಿ, ನಿಧಾನವಾಗೇ ಓಡಿಸ್ತೀನಿ" ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನೀವು ನಿಧಾನವಾಗಿ ಹೋಗಬಹುದು, ಬೀಳುವಾಗ ತಲೆ ನಿಧಾನವಾಗಿ ಬೀಳುವುದಿಲ್ಲ.

[ದೃಶ್ಯ: ತಲೆಬುರುಡೆ, ಒಳಗೆ ಮಿದುಳು. ಅನಿಮೇಷನ್.]

ಮಿದುಳಿನ ತೂಕ 1.3 ರಿಂದ 1.4 ಕಿಲೋ. ತುಂಬಾ ಮೆತ್ತಗಿನ ವಸ್ತು. ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಬುರುಡೆ ನೆಲಕ್ಕೆ ಬಡಿದು ಥಟ್ಟನೆ ನಿಂತರೂ ಮಿದುಳು ನಿಲ್ಲುವುದಿಲ್ಲ, ಮುಂದೆ ಹೋಗಿ ಒಳಗೋಡೆಗೆ ಗುದ್ದುತ್ತದೆ. ರಕ್ತನಾಳಗಳು ಹರಿದುಹೋಗಬಹುದು. ಹೊರಗೆ ಒಂದು ಗೀರೂ ಇಲ್ಲದೆ ಒಳಗೆ ರಕ್ತ ತುಂಬಿಕೊಳ್ಳಬಹುದು. ಬಿದ್ದವರು ಎದ್ದು, "ಏನೂ ಆಗಿಲ್ಲ" ಅಂತ ಮಾತಾಡಿ, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದು ಇದರಿಂದಲೇ.

ಹಾಗಾದರೆ ಹೆಲ್ಮೆಟ್ ಏನು ಮಾಡುತ್ತದೆ?

[ದೃಶ್ಯ: ಅರ್ಧಕ್ಕೆ ಕತ್ತರಿಸಿದ ಹೆಲ್ಮೆಟ್.]

ಹೊರಗಿನ ಗಟ್ಟಿ ಚಿಪ್ಪೇ ಹೆಲ್ಮೆಟ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ. ಮುಖ್ಯ ಕೆಲಸ ಮಾಡುವುದು ಅದರ ಕೆಳಗಿನ ಥರ್ಮಾಕೋಲ್‌ನಂಥ ಪದರ. ಅದು ನುಜ್ಜುಗುಜ್ಜಾಗುತ್ತಾ ತಲೆಗೆ ನಿಲ್ಲಲು ಸ್ವಲ್ಪ ಜಾಗ ಕೊಡುತ್ತದೆ. ಎರಡು ಮಿಲಿಮೀಟರಿನಲ್ಲಿ ನಿಲ್ಲಬೇಕಾದ ತಲೆ ಎರಡು ಸೆಂಟಿಮೀಟರಿನಲ್ಲಿ ನಿಂತಿತು ಅಂದುಕೊಳ್ಳಿ. ತಲೆಯ ಮೇಲೆ ಬೀಳುವ ಸರಾಸರಿ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೀವ ಉಳಿಯುವುದು ಆ ಎರಡು ಸೆಂಟಿಮೀಟರಿನಲ್ಲಿ.

ಒಮ್ಮೆ ಅಮುಕಿ ಹೋದ ಆ ಪದರ ಮತ್ತೆ ಮೊದಲಿನಂತೆ ಆಗುವುದಿಲ್ಲ. ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು.

[ದೃಶ್ಯ: 1930ರ ದಶಕದ ಬೈಕ್‌ನ ಕಪ್ಪುಬಿಳುಪು ಚಿತ್ರ.]

1935ರ ಮೇ ತಿಂಗಳು, ಇಂಗ್ಲೆಂಡ್. 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾಗಿದ್ದ ಬ್ರಿಟಿಷ್ ಸೇನಾಧಿಕಾರಿ, ಲೇಖಕ ಟಿ. ಇ. ಲಾರೆನ್ಸ್ ಬೈಕಿನಿಂದ ಬಿದ್ದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಬೈಕ್ ಸವಾರರ ತಲೆಪೆಟ್ಟುಗಳ ಬಗ್ಗೆ 1941ರಲ್ಲಿ ಅವರೊಂದು ಲೇಖನ ಬರೆದರು. ಎರಡನೇ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಹೆಲ್ಮೆಟ್ ಹಾಕಿ ಗಾಯಗೊಂಡವರು ಕೇರ್ನ್ಸ್ ಅವರಿಗೆ ಸಿಕ್ಕಿದ್ದು ಏಳೇ ಜನ. ಏಳೂ ಜನ ಬದುಕಿದ್ದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಏಳು ಜನರ ಲೆಕ್ಕ ಚಿಕ್ಕದು, ಅಲ್ವಾ? ಈಗ ದೊಡ್ಡ ಲೆಕ್ಕವೂ ಇದೆ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2008ರ ವರದಿಯ ಪ್ರಕಾರ, ಅಪಘಾತವಾದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42%, ತಲೆಪೆಟ್ಟಿನ ಅಪಾಯವನ್ನು 69% ಇಳಿಸುತ್ತದೆ.

[ದೃಶ್ಯ: ಗದ್ದದ ಕೆಳಗೆ ಬಿಗಿಯದೆ ನೇತಾಡುವ ಸ್ಟ್ರಾಪ್.]

ನನಗೆ ನಿಜವಾಗಿ ಸಂಕಟ ಆಗುವುದು ಇದನ್ನು ನೋಡಿದಾಗ. ಹೆಲ್ಮೆಟ್ ಇದೆ, ತಲೆಗೂ ಏರಿಸಿದ್ದಾರೆ, ಸ್ಟ್ರಾಪ್ ಮಾತ್ರ ಹಾಕಿಲ್ಲ. ಬೀಳುವಾಗ ತಲೆ ನೆಲಕ್ಕೆ ಬಡಿಯುವ ಮೊದಲೇ ಹೆಲ್ಮೆಟ್ ಹಾರಿಹೋಗಬಹುದು. ತಲೆ ಒಂದೇ ಸಲ ಬಡಿಯುತ್ತದೆ ಅಂತಲೂ ಇಲ್ಲ.

ಈಗಲೇ ನಿಮ್ಮ ಹೆಲ್ಮೆಟ್ ಹಾಕಿ ನೋಡಿ. ಸ್ಟ್ರಾಪ್ ಬಿಗಿಯಿರಿ. ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಎಳೆಯಬೇಕು. ಹಿಂಭಾಗದಿಂದ ಮೇಲಕ್ಕೆ, ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಬಂದರೆ ಆ ಅಳತೆ ನಿಮ್ಮದಲ್ಲ. ಸಾಧ್ಯವಾದರೆ ಗದ್ದವನ್ನೂ ಮುಚ್ಚುವ ಫುಲ್ ಫೇಸ್ ತಗೊಳ್ಳಿ, ಮುಖಕ್ಕೆ ಬೀಳುವ ಪೆಟ್ಟೂ ಕಡಿಮೆಯೇನಲ್ಲ.

[ದೃಶ್ಯ: ಬೈಕ್‌ನ ಹಿಂಬದಿ ಸೀಟು.]

ಇದೇ ಪರೀಕ್ಷೆಯನ್ನು ಹಿಂದೆ ಕೂರುವವರಿಗೂ ಮಾಡಿ. ಅವರ ತಲೆಯೂ ಅಷ್ಟೇ ಎತ್ತರದಲ್ಲಿದೆ. ಬ್ರೇಕ್ ಯಾವಾಗ ಬೀಳುತ್ತದೆ ಅನ್ನುವುದು ನಿಮಗೆ ಗೊತ್ತಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ.