ಬೆರಳಿಗೆ ಅಂಟಿದ ಹಂಜಿ

ಕೇಳುಗರೆ, ನಮಸ್ಕಾರ.

ಹಂಜಿ ಅಂದರೆ ನಮಗೆಲ್ಲ ಗೊತ್ತು. ಅರಳೆಯನ್ನು ಹಿಂಜಿ, ನೂಲುವುದಕ್ಕೆಂದು ಮಾಡಿಟ್ಟುಕೊಳ್ಳುವ ಬತ್ತಿಯಂಥ ಸುರುಳಿ. ಕೊರಿಯಾದಲ್ಲಿ ಹಂಜಿ ಅಂದರೆ ಕಾಗದ. ‘ಹನ್’ ಅಂದರೆ ಕೊರಿಯಾ, ‘ಜಿ’ ಅಂದರೆ ಕಾಗದ. ಎರಡು ಮಾತಿಗೂ ನಂಟೇನೂ ಇಲ್ಲ. ಆದರೂ ಜೊಂಜು ಎಂಬ ಊರಿನ ಕಾಗದದ ಮನೆಯಲ್ಲಿ, ತೊಟ್ಟಿಯ ತಣ್ಣೀರಿಗೆ ಕೈಯಿಟ್ಟು ಅಲ್ಲಿ ತೇಲುತ್ತಿದ್ದ ನಾರನ್ನು ಮುಟ್ಟಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹಂಜಿಯೇ. ಅಷ್ಟೇ ಬಿಳಿ, ಅಷ್ಟೇ ಮೆತ್ತಗೆ.

ನನ್ನ ಮಗ ಸಿಯೋಲ್ ಪಕ್ಕದ ಸುವೊನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡಲು ಒಂದು ನವೆಂಬರ್ ತಿಂಗಳು ಹೋಗಿದ್ದೆ. ಅಲ್ಲಿ ಹೋದಲ್ಲೆಲ್ಲ ಒಂದು ಪದ ಕಣ್ಣಿಗೆ, ಕಿವಿಗೆ ಬೀಳುತ್ತಿತ್ತು: ‘ಛೆಹೊಮ್’. ಕಿಮ್ಚಿ, ಅಂದರೆ ಅವರ ಎಲೆಕೋಸಿನ ಉಪ್ಪಿನಕಾಯಿ, ಅದರ ಛೆಹೊಮ್, ಮಡಕೆ ಛೆಹೊಮ್, ಕಾಗದದ ಛೆಹೊಮ್. ಏನಪ್ಪಾ ಇದು ಅಂತ ಮಗನನ್ನು ಕೇಳಿದೆ. ‘ಛೆ’ ಅಂದರೆ ಮೈ, ‘ಹೊಮ್’ ಅಂದರೆ ಪರೀಕ್ಷೆ ಮಾಡಿ ನೋಡುವುದು ಅಂದ. ಅಂದರೆ ಮೈಯಾರೆ ಮಾಡಿ ತಿಳಿಯುವುದು. ನನಗೆ ಈ ಪದ ಬಹಳ ಹಿಡಿಸಿತು. ಕೈಗೆ ನೀರು ತಾಗಬೇಕು, ಸೊಂಟ ನೋಯಬೇಕು, ಆಗಲೇ ಛೆಹೊಮ್.

ಹಾಗಂತ ಬೋರ್ಡು ಹಾಕಿದ ಕಡೆಯೆಲ್ಲ ಇದು ಸಿಗುವುದಿಲ್ಲ. ಸಿಯೋಲ್‌ನ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೂತೆ. ಮೊದಲೇ ಕತ್ತರಿಸಿಟ್ಟ ರಟ್ಟಿನ ಡಬ್ಬಿ, ಮೊದಲೇ ಕತ್ತರಿಸಿಟ್ಟ ಬಣ್ಣದ ಕಾಗದ, ಒಂದು ಬಟ್ಟಲು ಅಂಟು. ಇಪ್ಪತ್ತು ನಿಮಿಷದಲ್ಲಿ ಡಬ್ಬಿ ಸಿದ್ಧ. ಚೆನ್ನಾಗಿಯೇ ಇತ್ತು. ಆದರೆ ಆ ಕಾಗದ ಯಾವ ಮರದ್ದು, ಯಾರು ಮಾಡಿದ್ದು ಅಂತ ಕೇಳಿದರೆ ಹೇಳುವವರಿರಲಿಲ್ಲ. ನನಗೆ ಬೇಸರವಾಯಿತು. ಅದಕ್ಕೇ ಮಗನನ್ನು ಎಬ್ಬಿಸಿಕೊಂಡು ಜೊಂಜು ರೈಲು ಹತ್ತಿದ್ದು. ಸಿಯೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ.

ಜೊಂಜು ಹೆಸರಾಗಿರುವುದು ಬಿಬಿಂಬಾಪ್ ಎಂಬ ಕಲಸನ್ನಕ್ಕೆ, ಕಾಗದಕ್ಕೆ, ಬೀಸಣಿಗೆಗೆ. ಊರ ನಡುವೆ ನೂರಾರು ಹನೋಕ್‌ಗಳಿವೆ. ಹನೋಕ್ ಅಂದರೆ ಮರದ ಕಂಬ, ಬಾಗಿದ ಹಂಚಿನ ಸೂರು ಇರುವ ಹಳೆ ಮಾದರಿಯ ಮನೆ. ಬಾಗಿಲಿಗೆ, ಕಿಟಕಿಗೆ ಗಾಜಿನ ಬದಲು ಕಾಗದ. ಬೆಳಗ್ಗೆ ಬಿಸಿಲು ಆ ಕಾಗದ ದಾಟಿ ಒಳಗೆ ಬರುವಾಗ ಹಾಲು ಬೆರೆಸಿದ ಹಾಗೆ ಇರುತ್ತದೆ. ನೆಲಕ್ಕೂ ಕಾಗದವೇ. ನೆಲದಡಿ ಒಲೆಯ ಬಿಸಿ ಹರಿಯುವ ‘ಓಂದೋಲ್’ ಕೋಣೆಗಳಲ್ಲಿ ಕಾಗದದ ಮೇಲೆ ಕಾಗದ ಅಂಟಿಸಿ, ಎಣ್ಣೆ ಕುಡಿಸಿ, ಅದರ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದರು. ಹಾಳೆಗಳನ್ನು ಸಣ್ಣಗೆ ಸೀಳಿ, ಹುರಿ ಮಾಡಿ ಬುಟ್ಟಿ ಹೆಣೆಯುತ್ತಿದ್ದರು. ಪದರ ಪದರವಾಗಿ ಜೋಡಿಸಿ ಸೈನಿಕರಿಗೆ ಕವಚವನ್ನೂ ಮಾಡುತ್ತಿದ್ದರು. ಕಾಗದದ ಕವಚ! ನನಗೂ ಮೊದಲು ನಂಬಿಕೆ ಬರಲಿಲ್ಲ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹರಿಯಲು ನೋಡಿದ ಮೇಲೆ ನಂಬಿದೆ.

ಹಂಜಿ ಆಗುವುದು ‘ದಾಕ್’ ಮರದ ತೊಗಟೆಯಿಂದ. ಇದು ನಮ್ಮ ರೇಷ್ಮೆ ಸೀಮೆಯ ಹಿಪ್ಪುನೇರಳೆಯ ದಾಯಾದಿ. ಚಳಿಗಾಲದಲ್ಲಿ ಒಂದು ವರ್ಷದ ರೆಂಬೆಗಳನ್ನು ಕಡಿದು, ಹಬೆಯಲ್ಲಿ ಬೇಯಿಸಿ, ತೊಗಟೆ ಸುಲಿಯುತ್ತಾರೆ. ಹೊರಗಿನ ಕಪ್ಪು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ಒಳಗಿನ ಬಿಳಿ ನಾರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಆಮೇಲೆ ಬೂದಿನೀರಿನಲ್ಲಿ ಗಂಟೆಗಟ್ಟಲೆ ಕುದಿಸುವುದು. ಬೂದಿ ಎಲ್ಲಿಯದು? ಅವರು ಸೋಯಾ ಗಿಡದ ಕಡ್ಡಿ, ಭತ್ತದ ಹುಲ್ಲು ಸುಡುತ್ತಾರೆ. ಹಂಜಿಯ ಬಾಳಿಕೆಯ ಗುಟ್ಟು ಇಲ್ಲೇ ಇದೆ. ಕಾರ್ಖಾನೆಯ ಹಳೆ ಕಾಗದದಲ್ಲಿ ಹುಳಿ ಉಳಿದಿರುತ್ತದೆ, ಅದು ಹಾಳೆಯನ್ನು ಹಳದಿ ಮಾಡಿ, ಪುಡಿ ಮಾಡುತ್ತದೆ. ಬೂದಿನೀರಿನಲ್ಲಿ ಬೆಂದ ನಾರಿಗೆ ಆ ಕಾಟವಿಲ್ಲ. ನಾರು ಉದ್ದ ಬೇರೆ. ‘ಕಾಗದಕ್ಕೆ ಸಾವಿರ ವರ್ಷ, ರೇಷ್ಮೆಗೆ ಐನೂರು’ ಅಂತ ಅವರಲ್ಲೊಂದು ಮಾತಿದೆ.

ಕುದಿಸಿದ್ದನ್ನು ತೊಳೆದು, ಕಸ ಆರಿಸಿ, ಕಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಬಡಿದ ನಾರನ್ನು ನೀರಿನ ತೊಟ್ಟಿಗೆ ಹಾಕಿ ಕಲಕುತ್ತಾರೆ. ಆಗ ಒಂದು ಲೋಳೆ ಸೇರಿಸುತ್ತಾರೆ. ಅದನ್ನು ಮುಟ್ಟಿ ನೋಡಿ ನಾನು ಜೋರಾಗಿ ಅಂದುಬಿಟ್ಟೆ, ಇದು ಬೆಂಡೆಕಾಯಿ ಲೋಳೆ! ನಿಜವಾಗಿಯೂ ಹಾಗೇ. ‘ಹ್ವಾಂಗ್‌ಛೊಗ್ಯು’ ಎಂಬ ಆ ಗಿಡ ನಮ್ಮ ಬೆಂಡೆಯ ಕುಲದ್ದೇ. ಅದರ ಬೇರು ಜಜ್ಜಿ ನೀರಲ್ಲಿ ನೆನೆಸಿದರೆ ಈ ಲೋಳೆ ಬಿಡುತ್ತದೆ. ಲೋಳೆ ಇದ್ದರೆ ನಾರು ತಳಕ್ಕೆ ಕೂರದೆ ನೀರಲ್ಲಿ ಸಮವಾಗಿ ತೇಲುತ್ತದೆ. ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರಲ್ಲ, ಅದೇ ಗುಣವನ್ನು ಅವರು ಕಾಗದಕ್ಕೆ ಬಳಸಿಕೊಂಡರು. ಬೆಚ್ಚಗಾದರೆ ಈ ಲೋಳೆ ತೆಳ್ಳಗಾಗಿ ಹಾಳಾಗುತ್ತದೆ. ಅದಕ್ಕೇ ಒಳ್ಳೆಯ ಹಂಜಿ ಚಳಿಗಾಲದ ಬೆಳೆ. ಕೊರೆಯುವ ನೀರಲ್ಲಿ ದಿನವಿಡೀ ಕೈಯಿಟ್ಟು ನಿಲ್ಲುವ ಕೆಲಸ.

ಈಗ ನನ್ನ ಸರದಿ. ಪ್ರವಾಸಿಗಳಿಗೆ ಸಣ್ಣ ಚೌಕಟ್ಟು ಕೊಡುತ್ತಾರೆ. ನಾನು ಹಟ ಹಿಡಿದು ದೊಡ್ಡದನ್ನೂ ಒಂದು ಸಲ ಹಿಡಿದೆ. ಬಿದಿರಿನ ಎಳೆಯಂಥ ಕಡ್ಡಿಗಳನ್ನು ಹೆಣೆದ ಚಾಪೆ, ಅದಕ್ಕೊಂದು ಮರದ ಚೌಕಟ್ಟು. ಚೌಕಟ್ಟು ಮೇಲಿನ ತೊಲೆಯಿಂದ ಒಂದೇ ಒಂದು ಹಗ್ಗದಲ್ಲಿ ತೂಗುತ್ತಿರುತ್ತದೆ. ಮೊದಲು ಮುಂದಿನಿಂದ ನೀರು ಮೊಗೆದು ಆಚೆ ಬದಿಗೆ ಚೆಲ್ಲಬೇಕು. ಆಮೇಲೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ನೀರು ಯಾವ ಕಡೆ ಹರಿಯುತ್ತದೋ ನಾರು ಆ ಕಡೆ ಮಲಗುತ್ತದೆ. ಉದ್ದಕ್ಕೂ ಅಡ್ಡಕ್ಕೂ ಹರಿಸಿದರೆ ನಾರುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಹಂಜಿಯನ್ನು ಯಾವ ದಿಕ್ಕಿನಿಂದ ಹರಿದರೂ ಅದು ಸುಲಭವಾಗಿ ಬಿಟ್ಟುಕೊಡದಿರುವುದು ಇದರಿಂದಲೇ.

ಕಲಿಸುತ್ತಿದ್ದವರು ಅರವತ್ತು ದಾಟಿದ ಹಿರಿಯರು. ನಾನು ನೀರನ್ನು ಗಡಿಬಿಡಿಯಲ್ಲಿ ಚೆಲ್ಲಾಡುವುದನ್ನು ನೋಡಿ ‘ಚೊನ್‌ಚೊನ್ಹಿ’ ಅಂದರು. ನಿಧಾನ, ನಿಧಾನ ಅಂತ. ಕೊರಿಯಾದಲ್ಲಿ ‘ಪಲ್ಲಿ ಪಲ್ಲಿ’, ಬೇಗ ಬೇಗ ಎನ್ನುವ ಮಾತು ಎಲ್ಲ ಕಡೆ ಕೇಳಿದ್ದೆ. ನಿಧಾನ ಎನ್ನುವ ಮಾತನ್ನು ಕೇಳಿದ್ದು ಆ ತೊಟ್ಟಿಯ ಮುಂದೆಯೇ. ನಿಧಾನ ಮಾಡಿದೆ. ಆದರೂ ನನ್ನ ಹಾಳೆ ಒಂದು ಕಡೆ ರೊಟ್ಟಿಯ ಹಾಗೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ನಾನು ಮುಖ ಸಣ್ಣದು ಮಾಡಿಕೊಂಡೆ. ಅವರು ನಗುತ್ತ ತಮ್ಮ ಹಾಳೆಯನ್ನು ಮುಟ್ಟಿಸಿದರು. ಅದರಲ್ಲೂ ಒಂದು ಅಂಚು ಕೂದಲೆಳೆಯಷ್ಟು ದಪ್ಪ. ಒಂಟಿ ಹಗ್ಗದಲ್ಲಿ ಎತ್ತಿದ ಹಾಳೆ ಹಾಗೇ ಬರುವುದಂತೆ. ಅದಕ್ಕೇನು ಮಾಡುತ್ತಾರೆ? ಇನ್ನೊಂದು ಹಾಳೆ ಎತ್ತಿ, ತಿರುಗಿಸಿ ಅದರ ಮೇಲೆ ಮಲಗಿಸುತ್ತಾರೆ. ಇದರ ದಪ್ಪ ಅಂಚಿನ ಮೇಲೆ ಅದರ ತೆಳು ಅಂಚು. ಎರಡೂ ಸೇರಿ ಒಂದೇ ಹಾಳೆಯಾಗುತ್ತದೆ. ಕುಂದನ್ನು ಇನ್ನೊಂದು ಕುಂದಿನಿಂದ ಸರಿ ಮಾಡುವ ಈ ಜಾಣತನ ಯಾವ ಮ್ಯೂಸಿಯಂನ ಫಲಕ ಓದಿದ್ದರೂ ನನಗೆ ತಲೆಗೆ ಹತ್ತುತ್ತಿರಲಿಲ್ಲ. ನನ್ನ ಹಾಳೆ ಕೆಟ್ಟದ್ದರಿಂದ ಹತ್ತಿತು.

ಕಾಗದ ಮುಗಿಸಿ ಹತ್ತಿರದ ಗ್ಯೊಂಗ್‌ಗಿಜೊನ್‌ಗೆ ಹೋದೆವು. ಜೋಸೊನ್ ರಾಜವಂಶವನ್ನು 1392ರಲ್ಲಿ ಕಟ್ಟಿದ ಯಿ ಸೊಂಗ್‌ಗ್ಯೆಯ ಚಿತ್ರಪಟವನ್ನಿಟ್ಟ ಗುಡಿ ಅದು. ಅದರ ಆವರಣದಲ್ಲಿ ರಾಜರ ದಿನಚರಿಗಳನ್ನು ಕಾಪಾಡುತ್ತಿದ್ದ ಭಂಡಾರವೊಂದಿತ್ತು. ಆ ವಂಶದ ಇತಿಹಾಸವನ್ನು 1392ರಿಂದ 1863ರವರೆಗೆ ಬರೆದಿಟ್ಟಿದ್ದಾರೆ, ಎಲ್ಲ ಕಾಗದದ ಮೇಲೆ. ಪ್ರತಿಗಳನ್ನು ನಾಲ್ಕು ಊರುಗಳಲ್ಲಿ ಇಟ್ಟಿದ್ದರು. 1592ರಲ್ಲಿ ಜಪಾನಿನ ಸೈನ್ಯ ನುಗ್ಗಿದಾಗ ಮೂರು ಕಡೆ ಎಲ್ಲ ಸುಟ್ಟುಹೋಯಿತು. ಉಳಿದದ್ದು ಜೊಂಜುವಿನದು ಮಾತ್ರ. ಆನ್ ಉಯಿ, ಸೊನ್ ಹೊಂಗ್‌ರೊಕ್ ಎಂಬ ಇಬ್ಬರು ವಯಸ್ಸಾದ ಪಂಡಿತರು ಆ ಹೊತ್ತಗೆಗಳನ್ನು ನೇಜಾಂಗ್‌ಸಾನ್ ಬೆಟ್ಟಕ್ಕೆ ಸಾಗಿಸಿ, ಕಾವಲು ಕೂತರು. ಇನ್ನೊಂದು ಸಂಗತಿ ಕೇಳಿ. ಚೆನ್ನಾಗಿ ಬಾಳಲಿ ಅಂತ ಹಳೆಯ ಸಂಪುಟಗಳ ಹಾಳೆಗೆ ಜೇನುಮೇಣ ಸವರಿದ್ದರು. ಈಗ ಕೆಡುತ್ತಿರುವುದು ಅವೇ. ಏನೂ ಸವರದ ಬರೀ ಹಂಜಿಯ ಹಾಳೆಗಳು ಗಟ್ಟಿಮುಟ್ಟಾಗಿವೆ. ಇದಕ್ಕಿಂತ ಹಳೆಯದೂ ಇದೆ. ಗ್ಯೊಂಗ್‌ಜುವಿನ ಬುಲ್‌ಗುಕ್ಸಾ ದೇಗುಲದ ಕಲ್ಲಿನ ಗೋಪುರದೊಳಗೆ 1966ರಲ್ಲಿ ಅಚ್ಚು ಮಾಡಿದ ಬೌದ್ಧ ಸುರುಳಿಯೊಂದು ಸಿಕ್ಕಿತು. 751ಕ್ಕೂ ಮೊದಲಿನದು ಅನ್ನುತ್ತಾರೆ. ಅದೂ ದಾಕ್ ಕಾಗದವೇ.

ಇಂಥ ಕಾಗದ ಮಾಡಿದವರ ಬಾಳು ಮಾತ್ರ ಸುಖದ್ದಾಗಿರಲಿಲ್ಲ. ಜೋಸೊನ್ ಕಾಲದಲ್ಲಿ ಬೌದ್ಧ ಮಠಗಳ ಮೇಲೆ ಕಾಗದವನ್ನೇ ಕಂದಾಯವಾಗಿ ಹೇರಿದ್ದರು. ಇಪ್ಪತ್ತನೇ ಶತಮಾನದಲ್ಲಿ ಕಿಟಕಿಗೆ ಗಾಜು ಬಂತು, ಬರೆಯಲು ಕಾರ್ಖಾನೆಯ ಹಾಳೆ ಬಂತು. ಕಸುಬು ಸೊರಗಿತು. 2005ರಲ್ಲಿ ಸರ್ಕಾರ ಹಂಜಿ ಕಸುಬನ್ನು ದೇಶದ ಮುಖ್ಯ ಪರಂಪರೆಗಳ ಪಟ್ಟಿಗೆ ಸೇರಿಸಿತು. 2016ರಲ್ಲಿ ಇಟಲಿಯಲ್ಲಿ ಹಳೆ ದಾಖಲೆಗಳನ್ನು ದುರಸ್ತಿ ಮಾಡುವ ಸಂಸ್ಥೆಯೂ ಹಂಜಿ ತನ್ನ ಕೆಲಸಕ್ಕೆ ತಕ್ಕದ್ದು ಎಂದು ಒಪ್ಪಿತು. ಇಷ್ಟಾದರೂ ಅಗ್ಗದ ಕಾಗದಕ್ಕೆ ಹೊರದೇಶದ ನಾರು ಬರುತ್ತದೆ. ಆದ್ದರಿಂದ ನೀವು ಹೋದರೆ ಕೇಳಿ, ನಾರು ಎಲ್ಲಿಯದು ಅಂತ. ಕೇಳುವವರಿದ್ದರೆ ಊರ ದಾಕ್ ಬೆಳೆಯುವವರಿಗೂ ಬೆಲೆ ಬರುತ್ತದೆ ಅಲ್ವಾ?

ಬೇರೆ ಛೆಹೊಮ್‌ಗಳ ಬಗ್ಗೆಯೂ ಒಂದೆರಡು ಮಾತು. ನವೆಂಬರ್ ಕಿಮ್ಜಾಂಗ್ ಕಾಲ, ಅಂದರೆ ಚಳಿಗಾಲಕ್ಕೆಂದು ಊರೆಲ್ಲ ಕೂತು ಕಿಮ್ಚಿ ಹಾಕುವ ಕಾಲ. ಯುನೆಸ್ಕೊ 2013ರಲ್ಲಿ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಉಪ್ಪಲ್ಲಿ ನೆನೆದ ಎಲೆಕೋಸಿನ ಒಂದೊಂದು ಎಲೆಯನ್ನೂ ಎತ್ತಿ ಖಾರ ಸವರುವಾಗ ನನಗೆ ನಮ್ಮ ಮನೆಯ ಉಪ್ಪಿನಕಾಯಿ ಹಾಕುವ ದಿನಗಳು ನೆನಪಾದವು. ಪಕ್ಕ ಕೂತ ಅಜ್ಜಿ ಒಂದು ಎಲೆ ಸುತ್ತಿ ನನ್ನ ಬಾಯಿಗೇ ಇಟ್ಟರು. ಸಸ್ಯಾಹಾರಿಗಳು ಮಾತ್ರ ಮೊದಲೇ ಹೇಳಿ. ಖಾರದಲ್ಲಿ ಉಪ್ಪು ಸೀಗಡಿಯೋ ಮೀನಿನ ರಸವೋ ಸಾಮಾನ್ಯವಾಗಿ ಇರುತ್ತದೆ.

ಅದು ಬೇಡವೆಂದರೆ ಬೌದ್ಧ ದೇಗುಲಗಳಲ್ಲಿ ಉಳಿಯಬಹುದು. 2002ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಹೊರಗಿನವರಿಗೆ ಬಾಗಿಲು ತೆರೆದ ವ್ಯವಸ್ಥೆ ಇದು. ಅಲ್ಲಿಯ ಊಟದಲ್ಲಿ ಮೀನು, ಮಾಂಸ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಬೆಳಕು ಹರಿಯುವ ಮುಂಚೆ ಎದ್ದು 108 ಸಲ ನಮಸ್ಕಾರ ಹಾಕಿಸುತ್ತಾರೆ. ಒಂದು ನಮಸ್ಕಾರಕ್ಕೆ ಒಂದು ಮಣಿ ಪೋಣಿಸಬೇಕು. ಕೊನೆಗೆ ಕೈಯಲ್ಲೊಂದು ಜಪಮಾಲೆ ಇರುತ್ತದೆ, ಮಂಡಿಯಲ್ಲಿ ನೋವಿರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಅಲ್ಲಿ ಮಾಡಿಸುವ ತಾವರೆಯ ದೀಪ. ಅದರ ದಳಗಳೂ ಕಾಗದದವೇ.

ಸಿಯೋಲ್‌ನಲ್ಲಿ ಅರಮನೆ ನೋಡಲು ಹನ್‌ಬೊಕ್ ಎಂಬ ಕೊರಿಯಾದ ಹಳೆ ಮಾದರಿಯ ಉಡುಪು ಬಾಡಿಗೆಗೆ ಸಿಗುತ್ತದೆ. ಅದನ್ನು ತೊಟ್ಟವರಿಗೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಟಿಕೆಟ್ ಬೇಕಿಲ್ಲ. ತೊಟ್ಟು ನೋಡಿ, ಚೆಂದ ಕಾಣುತ್ತದೆ. ಆದರೆ ಅದೇ ಉಡುಪಿನಲ್ಲಿ ಹತ್ತಿರದ ಹನೋಕ್‌ಗಳ ಕೇರಿ ಬುಕ್‌ಛೊನ್‌ನ ಗಲ್ಲಿಗಳಿಗೆ ಹೋದಾಗ ದನಿ ತಗ್ಗಿಸಿ. ಅವು ಜನ ವಾಸವಿರುವ ಮನೆಗಳು. ಬಂದವರ ಗಲಾಟೆ ಜಾಸ್ತಿಯಾಗಿ, ಈಗ ಕೆಲವು ಬೀದಿಗಳಲ್ಲಿ ಸಂಜೆಯಾದ ಮೇಲೆ ಪ್ರವಾಸಿಗಳು ಸುತ್ತುವಂತಿಲ್ಲ.

ಸಮಯ ಕಡಿಮೆ ಇದ್ದರೆ ನಾನು ಹೇಳುವುದು ಇಷ್ಟೇ. ಐದು ಕಡೆ ಅರ್ಧರ್ಧ ಗಂಟೆ ಕೂರಬೇಡಿ. ಒಂದು ಕಡೆ ಅರ್ಧ ದಿನ ಕೂರಿ. ಕಸುಬುದಾರರು ತಾವು ಬಳಸುವ ಸಾಮಾನನ್ನೇ ನಿಮ್ಮ ಕೈಗೂ ಕೊಡುವ ಜಾಗ ಹುಡುಕಿ. ಸುಮ್ನೆ ಫೋಟೊ ತೆಗೆಸಿಕೊಂಡು ಬರುವುದಾದರೆ ಅಷ್ಟು ದೂರ ಹೋಗುವುದೇಕೆ?

ನನ್ನ ಆ ದಪ್ಪ ಅಂಚಿನ ಹಾಳೆಯನ್ನು ಬಿಸಿ ತಗಡಿನ ಮೇಲೆ ಒಣಗಿಸಿ ಕೊಟ್ಟರು. ಮನೆಗೆ ಬಂದು ಅದರ ಮೇಲೆ, ಕಲಿಸಿದ ಆ ಹಿರಿಯರಿಗೊಂದು ಕಾಗದ ಬರೆಯೋಣ ಅಂತ ಇಂಕ್ ಪೆನ್ ಹಿಡಿದೆ. ಮೊದಲ ಅಕ್ಷರವೇ ಹರಡಿತು. ಮಗನಿಗೆ ಫೋನ್ ಮಾಡಿದರೆ ಅವನು ಅವರನ್ನೇ ಕೇಳಿ ಹೇಳಿದ. ಬರೆಯುವ ಹಂಜಿಯನ್ನು ಒಣಗಿಸಿದ ಮೇಲೆ ಮತ್ತೆ ಒದ್ದೆ ಮಾಡಿ, ಪೇರಿಸಿ, ಕೊಡತಿಯಿಂದ ಬಡಿಯಬೇಕು, ಅದಕ್ಕೆ ‘ದೋಚಿಮ್’ ಅನ್ನುತ್ತಾರೆ, ಅಮ್ಮ, ನೀನು ಹಾಳೆ ಎತ್ತಿದ್ದು ಮಾತ್ರ ಅಂದ. ಜನವರಿಯಲ್ಲಿ ಬಂದರೆ ತೊಗಟೆ ಸುಲಿಯುವುದರಿಂದಲೇ ಶುರು ಮಾಡಿಸುತ್ತಾರಂತೆ. ಉಣ್ಣೆಯ ಕಾಲುಚೀಲ ತೆಗೆದಿಟ್ಟುಕೊಂಡಿದ್ದೇನೆ.

ನಮಸ್ಕಾರ.